ಕುದರಿ ಮನೆತನ, ರೋಮನೊವ್ ಮನೆತನ ಮತ್ತು ನನ್ನ ಸಹಿ

ಇಲ್ಲಿ ಪರದೇಶದಲ್ಲಿ, ಮಿಸಿಸಾಗಾದ ಮೆಡೋವೇಲ್ ಬಡಾವಣೆಯಲ್ಲಿರುವ ನಮ್ಮ ಸ್ನೇಹಿತರ ಮಗಳು ಸಹನಾ ಮೊನ್ನೆ ಮನೆಗೆ ಬಂದಿದ್ದಳು. ಮುಂದಿನ ತಿಂಗಳು ನ್ಯೂಮಾರ್ಕೆಟ್ ಊರಿನ ಸರ್ಕಾರಿ ಕಚೇರಿಯೊಂದರಲ್ಲಿ ಕೌಂಟರಿನ ಕೆಲಸಕ್ಕೆ ಸೇರುತ್ತಾಳಂತೆ. ಗುರುತಿನ ಕಾರ್ಡು, ಹೆಸರಿನ ತಿದ್ದುಪಡಿ, ವಿಳಾಸ ಬದಲಾವಣೆ ಇತ್ಯಾದಿ. ನಾನು ಇಪ್ಪತ್ತೆಂಟು ವರ್ಷ ಮಾಡಿದ್ದೂ ಅದೇ ಜಾತಿಯ ಕೆಲಸ. ಯಾವ ಕಚೇರಿ, ಯಾವ ಊರಿನದು ಎಂದು ಹೇಳುವುದಿಲ್ಲ. ನಿವೃತ್ತಿಯಾದ ಮೇಲೂ ಕೆಲವು ವಿಷಯಗಳಲ್ಲಿ ಬಾಯಿ ಹಿಡಿದುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. “ಅಂಕಲ್, ಟ್ರೈನಿಂಗಲ್ಲಿ ಹೇಳ್ದೇ ಇರೋದು ಏನಾದ್ರೂ ಇದ್ರೆ ಹೇಳಿ” ಎಂದಳು. ಕಾಫಿ ಕುಡಿಯುತ್ತಾ ನಾಲ್ಕು ತಮಾಷೆಯ ಪ್ರಸಂಗ ಹೇಳಿದೆ. ನಕ್ಕು, ಚಕ್ಕುಲಿಯ ಡಬ್ಬಿ ಹಿಡಿದುಕೊಂಡು ಹೊರಟಳು. ಅವಳ ಕಾರು ತಿರುವು ದಾಟಿದ ಮೇಲೆ, ಹೇಳಬೇಕಾಗಿದ್ದ ಒಂದೇ ಒಂದನ್ನು ಹೇಳದೆ ಕಳಿಸಿದೆನಲ್ಲ ಎನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಹನಾ, ಈ ಕೆಲಸದಲ್ಲಿ ನಿನ್ನ ಎದುರಿಗೆ ಬರುವುದು ಮನುಷ್ಯರಲ್ಲ, ಎರಡು ಚೌಕ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಸರ್‌ನೇಮು. ಮಧ್ಯದಲ್ಲಿ ಬೇಕಿದ್ದರೆ ಇನ್ನೊಂದು ಚಿಕ್ಕ ಚೌಕ. ಇಡೀ ಪ್ರಪಂಚವೇ ಇದರೊಳಗೆ ಕೂರಬೇಕು ಎಂದು ಯಾರೋ ಒಬ್ಬರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕೂರದವರನ್ನು ಕೂರಿಸುವುದೇ ನಮ್ಮ ಸಂಬಳದ ಕೆಲಸ.

ನಾನು ಸೇರಿದಾಗ ಮೇಲ್ವಿಚಾರಕಿಯಾಗಿದ್ದವಳು ಡಾರ್ಲೀನ್. ಬಿಗಿಯಾಗಿ ಕಟ್ಟಿದ ಬಿಳಿಗೂದಲು, ಕುತ್ತಿಗೆಗೆ ಸರದಲ್ಲಿ ತೂಗುಬಿಟ್ಟ ಕನ್ನಡಕ. ಬೈದವಳಲ್ಲ, ಹೊಗಳಿದವಳೂ ಅಲ್ಲ. ಮೊದಲ ದಿನವೇ ಒಂದು ದಪ್ಪ ಕೈಪಿಡಿ ಕೊಟ್ಟು, ಇದರಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂದುಕೋ ಎಂದಳು. ನನ್ನ ಹೆಸರು ಶ್ರೀಕಂಠಯ್ಯ. ಅವಳು ಒಂದು ಸಲ ಪ್ರಯತ್ನಿಸಿ, ನಾಲಿಗೆ ಸೋತು, “ಶ್ರೀ” ಎಂದಳು. ಇಪ್ಪತ್ತೆಂಟು ವರ್ಷ ನಾನು ಆ ಕಚೇರಿಯಲ್ಲಿ ಶ್ರೀ ಆಗಿಯೇ ಇದ್ದೆ. ಬೀಳ್ಕೊಡುಗೆಯ ದಿನದ ಕೇಕಿನ ಮೇಲೂ ಅಷ್ಟೇ ಇತ್ತು, ಅದರಲ್ಲೂ ಒಂದಕ್ಷರ ತಪ್ಪು. ಹೆಸರು ಸರಿಮಾಡುವ ಕಚೇರಿಯಲ್ಲಿ.

ಮೊದಲ ವರ್ಷಗಳಲ್ಲಿ ಎಲ್ಲವೂ ಕಾಗದ. ಪೆನ್ಸಿಲಿನಲ್ಲಿ ಬರೆದು, ಡಾರ್ಲೀನ್ ನೋಡಿ, ಆಮೇಲೆ ಶಾಯಿ. ತಪ್ಪಿದ್ದರೆ ಅಳಿಸಲು ಒಂದು ಗಳಿಗೆ ಸಿಗುತ್ತಿತ್ತು. ಕಂಪ್ಯೂಟರು ಬಂದ ಮೇಲೆ ಅದೂ ಹೋಯಿತು. ಗುಂಡಿ ಒತ್ತಿದರೆ ಆಯಿತು, ತಪ್ಪು ಕ್ಷಣದಲ್ಲಿ ಹತ್ತು ಕಚೇರಿಗೆ ಹರಡಿಕೊಳ್ಳುತ್ತಿತ್ತು. ನಮ್ಮ ಮೈಸೂರಿನ ಕಡೆಯವರು ಬಂದರೆ ಹೆಸರಿನ ಮುಂದೆ ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು. ಮೊದಲನೆಯದನ್ನು ಬಿಡಿಸಿ ಸರ್‌ನೇಮಿನ ಚೌಕಕ್ಕೆ ಹಾಕಿ ಕಳಿಸಿದರೆ, ಗಂಡ ಹೆಂಡತಿ ಮಕ್ಕಳೆಲ್ಲ ಒಂದು ತಾಲ್ಲೂಕನ್ನು ಹೊತ್ತುಕೊಂಡು ಮಿಸಿಸಾಗಾದಲ್ಲಿ ಓಡಾಡುತ್ತಿದ್ದರು. ಉಡುಪಿಯ ಕಡೆಯ ಒಬ್ಬ ತುಳು ಹೆಂಗಸು, ಮಕ್ಕಳಿಗೆ ತನ್ನ ಮನೆತನದ ಹೆಸರೇ ಬೇಕು, ಗಂಡನದಲ್ಲ, ತಮ್ಮಲ್ಲಿ ತಾಯಿಯ ಕಡೆಯಿಂದಲೇ ಬರುವುದು ಎಂದು ಅರ್ಧ ಗಂಟೆ ವಾದ ಮಾಡಿದಳು. ಗಂಡ ಪಕ್ಕದಲ್ಲೇ ನಿಂತು, ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಡಾರ್ಲೀನ್ ಅವನನ್ನು ಪ್ರತ್ಯೇಕವಾಗಿ ಕರೆದು, ನಿನಗೆ ಮನೆಯಲ್ಲಿ ಏನಾದರೂ ತೊಂದರೆಯಿದೆಯೇ ಎಂದು ಕೇಳಿದಳು.

ಇಂಥವೆಲ್ಲ ನನ್ನ ಕಿಟಕಿಗೇ ಬರುತ್ತಿದ್ದವು. ಕನ್ನಡ, ತಮಿಳು, ಹಿಂದಿ, ಯಾವುದೇ ಇರಲಿ, “ಕಾಲ್ ಶ್ರೀ” ಎನ್ನುತ್ತಿದ್ದರು. ನನಗೆ ಅದರಲ್ಲಿ ಒಂದು ಹೆಮ್ಮೆಯಿತ್ತು. ಕನ್ನಡದ ಮಟ್ಟಿಗಂತೂ ಸ್ವಲ್ಪ ಜಾಸ್ತಿಯೇ. ನಮ್ಮಜ್ಜಿಯ ಬಾಯಿಂದ, ಸೋದರತ್ತೆಯರ ಬಾಯಿಂದ ಕಲಿತ ಭಾಷೆ ನನ್ನದು, ಶಾಲೆಯದಲ್ಲ. ಯಾವ ಮಾತಿಗೆ ಏನರ್ಥ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ.

ಹಾಗಿರುವಾಗ ಬಸವರಾಜ ಬಂದ. ಗದಗಿನ ಕಡೆಯವನು, ಲೇತ್ ಮಶೀನಿನ ಕೆಲಸಗಾರ, ಮೂವತ್ತರ ಆಸುಪಾಸು. ಪಕ್ಕದ ಕಿಟಕಿಯಲ್ಲಿ ಇಂಗ್ಲಿಷಿಗೆ ತಡವರಿಸುತ್ತಿದ್ದವನನ್ನು ನನ್ನ ಬಳಿ ಕಳಿಸಿದರು. ಕನ್ನಡ ಕೇಳಿದ ಕೂಡಲೇ ಅವನ ಭುಜ ಇಳಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಸಾಲು ಖಾಲಿ. ಹೆಸರಿನ ಸಾಲಿನಲ್ಲಿ ಒಂದೇ ಉದ್ದಕ್ಕೆ, ಬಸವರಾಜ ಮಲ್ಲಪ್ಪ ಕುದರಿ. ಭಾರತದಿಂದ ಬರುವ ಎಷ್ಟೋ ಪಾಸ್‌ಪೋರ್ಟು ಹೀಗೇ ಇರುತ್ತವೆ. ಎಲ್ಲಿ ಕತ್ತರಿಸಬೇಕು ಎನ್ನುವುದು ಕೌಂಟರಿನವನ ತಲೆನೋವು.

ಮಲ್ಲಪ್ಪ ಯಾರು ಎಂದೆ. ಅಪ್ಪ ಎಂದ. ಮತ್ತೆ ಈ ಕುದರಿ?

“ಅದ ನಮ್ಮ ಅಡ್ಡಹೆಸರು ರೀ ಸರ.”

ನಮ್ಮಜ್ಜಿಯ ಕನ್ನಡದಲ್ಲಿ ಅಡ್ಡಹೆಸರು ಎಂದರೆ ಬೀದಿಯವರು ಇಟ್ಟದ್ದು. ನಮ್ಮ ಬೀದಿಯಲ್ಲಿ ಒಬ್ಬ ಗೂಬೆ ಸುಬ್ಬಣ್ಣ ಇದ್ದ, ಒಬ್ಬಳು ಪಾತಾಳ ಗರಡಿ ಪುಟ್ಟಮ್ಮ ಇದ್ದಳು. ಇವನಿಗೂ ಯಾರೋ ಹಾಗೇ ಕುದುರೆ ಎಂದಿರಬೇಕು, ಪಾಪ, ಪಾಸ್‌ಪೋರ್ಟಿಗೂ ಹತ್ತಿಕೊಂಡುಬಿಟ್ಟಿದೆ ಎಂದುಕೊಂಡೆ. ಕೈಪಿಡಿಯಲ್ಲಿ ಸ್ಪಷ್ಟವಾಗಿತ್ತು: ಅಡ್ಡಹೆಸರು, ಮುದ್ದಿನ ಹೆಸರು, ಬಿರುದು ನಮೂದಿಸಬಾರದು.

“ಅದೆಲ್ಲ ಇಲ್ಲಿ ಬೇಡಿ. ಅಪ್ಪನ ಹೆಸರನ್ನೇ ಕೊನೆಗೆ ಹಾಕ್ತೀನಿ, ಚೆನ್ನಾಗಿರುತ್ತೆ” ಎಂದೆ.

ಅವನು ಪಾಸ್‌ಪೋರ್ಟನ್ನು ಒಮ್ಮೆ ನೋಡಿದ. ಆಮೇಲೆ, “ನೀವು ತಿಳದವರು. ಹೆಂಗ ಅಂತೀರಿ ಹಂಗ” ಎಂದ. ಗುಂಡಿ ಒತ್ತಿದೆ. ಬಸವರಾಜ ಮಲ್ಲಪ್ಪ. ಉಪಕಾರ ಮಾಡಿದ ಖುಷಿಯಲ್ಲಿ ಮಧ್ಯಾಹ್ನದ ಊಟ ಮಾಡಿದೆ.

ಇದಾಗಿ ಎರಡು ವರ್ಷವಾಗಿರಬೇಕು. ನಮ್ಮ ಕಚೇರಿಯಲ್ಲಿ ವೆರಾ ಎಂಬ ರಷ್ಯದ ಹೆಂಗಸಿದ್ದಳು, ಹಿಂದೆ ಅಲ್ಲಿ ಇತಿಹಾಸದ ಅಧ್ಯಾಪಕಿಯಾಗಿದ್ದವಳು, ಇಲ್ಲಿ ನನ್ನ ಪಕ್ಕದ ಕಿಟಕಿ. ಊಟದ ಕೋಣೆಯಲ್ಲಿ ಬೀಟ್‌ರೂಟಿನ ಸಾರು ಬಿಸಿ ಮಾಡಿಕೊಳ್ಳುತ್ತಾ ಕತೆ ಹೇಳುವುದು ಅವಳ ಚಟ. ಒಂದು ದಿನ, ಹೊಸದಾಗಿ ಬಂದವರೊಬ್ಬರು ರೋಮನೊವ್ ಎಂದರೆ ರೋಮಿನ ಚಕ್ರವರ್ತಿಗಳ ವಂಶ ಇರಬೇಕಲ್ಲವೇ ಎಂದು ಕೇಳಿದರು. ವೆರಾ ಚಮಚ ಕೆಳಗಿಟ್ಟಳು.

ಆ ರಾಜವಂಶದ ಮೂಲಪುರುಷನೆಂದು ಗೊತ್ತಿರುವವನ ಹೆಸರು ಅಂದ್ರೆಯ್. ಆಳಿದವನಲ್ಲ, ಮಾಸ್ಕೋದ ದೊರೆಯ ಹತ್ತಿರ ಸೇವೆಗಿದ್ದವನು. ಜನ ಅವನನ್ನು ಕೊಬಿಲಾ ಎನ್ನುತ್ತಿದ್ದರಂತೆ. ಕೊಬಿಲಾ ಎಂದರೆ ಹೆಣ್ಣುಗುದುರೆ. ಯಾಕೆ ಹಾಗಂದರು ಎಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಅವನ ಒಬ್ಬ ಮಗನಿಗೆ ಕೋಶ್ಕಾ, ಅಂದರೆ ಬೆಕ್ಕು. ಬೆಕ್ಕಿನ ಮಕ್ಕಳು ಬೆಕ್ಕಿನವರಾದರು. ಆಮೇಲೆ ಬಂದವರು ಬೆಕ್ಕನ್ನೂ ಬಿಟ್ಟು ಹಿರಿಯರ ಹೆಸರು ಹಿಡಿದರು. ಜಖಾರಿಯ ಕಡೆಯವರು, ಯೂರಿಯ ಕಡೆಯವರು, ಹೀಗೆ ಬದಲಾಗುತ್ತಲೇ ಬಂತು. ಕೊನೆಗೆ ರೋಮನ್ ಎಂಬ ಒಬ್ಬ. ಅವನ ಮಗಳನ್ನು ಒಬ್ಬ ತ್ಸಾರ್ ಮದುವೆಯಾದ, ಮನೆತನಕ್ಕೆ ಕಳೆ ಬಂತು. ರೋಮನ್ನನ ಮೊಮ್ಮಗ ಅಜ್ಜನ ಹೆಸರನ್ನೇ ಮನೆತನಕ್ಕೆ ನಿಲ್ಲಿಸಿದ. ಮರಿಮಗ ಪಟ್ಟಕ್ಕೇರಿದ. ರೋಮನೊವ್ ಎಂದರೆ ಅಷ್ಟೇ, ರೋಮನ್ನನ ಕಡೆಯವನು. ರೋಮ್ ನಗರದ ಹೆಸರು ಆ ಅಜ್ಜನ ಹೆಸರಿನೊಳಗೆ ಹಳೆಯ ಲ್ಯಾಟಿನಿನಿಂದ ಬಂದು ಕೂತಿದೆಯೇ ಹೊರತು ವಂಶಕ್ಕೂ ರೋಮಿಗೂ ನೆಂಟಸ್ತನವಿಲ್ಲ.

ನಮ್ಮ ಊರಿನ ಇನಿಷಿಯಲ್ಲಿನ ಕತೆಯೂ ಇದೇ ಅಲ್ಲವೇ ಎಂದು ನಾನು ನಕ್ಕೆ. ವೆರಾ ನಗಲಿಲ್ಲ. ಇನ್ನೊಂದು ಮಾತು ಕೇಳು ಎಂದಳು. ಸಿಂಹಾಸನದ ಮೇಲೆ ಕೂತಿರುವಷ್ಟು ದಿನ ಅವರಿಗೆ ಆ ಹೆಸರು ಹೆಚ್ಚು ಬೇಕಾಗಿರಲಿಲ್ಲ, ತ್ಸಾರ್ ಇಂಥವನು ಎಂದರೆ ಮುಗಿಯಿತು. ಇಳಿಸಿದ ಮೇಲೆ ಕಾಗದಪತ್ರದಲ್ಲಿ ನಾಗರಿಕ ರೋಮನೊವ್ ಎಂದು ಬರೆಯಬೇಕಾಯಿತು. “ಶ್ರೀ, ಸರ್‌ನೇಮ್ ಕೇಳುವುದು ಕಿಟಕಿಯ ಆ ಕಡೆ ನಿಂತವರನ್ನು ಮಾತ್ರ” ಎಂದಳು.

ಆಮೇಲೆ, ತನ್ನದೇ ಒಂದು ಪೆದ್ದುತನ ಎಂದು ಹೇಳಿಕೊಂಡಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಉಕ್ರೇನಿನ ಮುದುಕ ಬಂದಿದ್ದನಂತೆ. ಅವನು ತನ್ನ ಪ್ರಿಜ್ವಿಶ್ಚೆ ಇಂಥದು ಎಂದ. ರಷ್ಯನ್ನಿನಲ್ಲಿ ಪ್ರೋಜ್ವಿಶ್ಚೆ ಎಂದರೆ ಬೀದಿಯವರು ಕರೆಯುವ ಹೆಸರು. ಉಕ್ರೇನಿನ ಮಾತಿನಲ್ಲಿ ಹೆಚ್ಚು ಕಡಿಮೆ ಅದೇ ಪದಕ್ಕೆ ಮನೆತನದ ಹೆಸರು ಎಂದರ್ಥ. ಇವಳು ಅದು ಬೇಡ ಎಂದುಬಿಟ್ಟಳಂತೆ. ಮುದುಕ ಕೌಂಟರಿನ ಮೇಲೆ ಕೈ ಬಡಿದು ಕೂಗಾಡಿ, ಸರಿ ಮಾಡಿಸಿಕೊಂಡೇ ಹೋದನಂತೆ. ಎಲ್ಲರೂ ನಕ್ಕರು.

ನಾನು ಊಟದ ಡಬ್ಬಿ ಮುಚ್ಚಿದೆ. ಕೊಬಿಲಾ, ಕುದರಿ. ಅಂದು ಸಂಜೆ ಸ್ಟ್ರೀಟ್ಸ್‌ವಿಲ್ಲಿನಲ್ಲಿದ್ದ ಒಬ್ಬ ಹುಬ್ಬಳ್ಳಿಯ ಪರಿಚಿತರಿಗೆ ಫೋನು ಮಾಡಿ, ನಿಮ್ಮ ಕಡೆ ಅಡ್ಡಹೆಸರು ಅಂದರೇನು ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಡ್ಡಹೆಸರು ಅಂದ್ರ ಅಡ್ಡಹೆಸರ ರೀ. ಸರ್‌ನೇಮ್. ಮತ್ತೇನಿರ್ತದ?” ಎಂದರು.

ಕೂಗಾಡುವ ಮುದುಕ ನನ್ನ ಪಾಲಿಗೆ ಬಂದಿರಲಿಲ್ಲ. ಬಂದವನು, ನೀವು ತಿಳಿದವರು ಎಂದು ಹೇಳಿ ಹೋಗಿದ್ದ. ಹುಡುಕಿ ಫೋನು ಮಾಡಬಹುದಾಗಿತ್ತು, ನಂಬರು ಫೈಲಿನಲ್ಲಿತ್ತು. ಮಾಡಲಿಲ್ಲ. ಇಷ್ಟು ದಿನದಲ್ಲಿ ಅವನಿಗೂ ಅಭ್ಯಾಸವಾಗಿರುತ್ತದೆ ಎಂದುಕೊಂಡೆ.

ಮುಂದಿನ ಚಳಿಗಾಲದಲ್ಲಿ ಅವನೇ ಬಂದ. ತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಆ ತಾಯಿ, ಗಂಗವ್ವ, ಗದಗಿನಲ್ಲಿ ಮಗಳ ಮನೆಯಲ್ಲಿದ್ದಳು. ಬಸವರಾಜನಿಗೆ ಹೆಣ್ಣುಮಗು ಹುಟ್ಟಿತ್ತು, ಮೊಮ್ಮಗಳನ್ನು ಎತ್ತಿಕೊಳ್ಳಬೇಕು ಎಂಬುದು ಅವಳ ಹಟ. ಅರ್ಜಿ ನೋಡುವ ಕಚೇರಿಯವರು ಕಾಗದ ಬರೆದಿದ್ದರು: ಗಂಗವ್ವ ಮಲ್ಲಪ್ಪ ಕುದರಿ ಎಂಬವರ ಮಗ ಬಸವರಾಜ ಮಲ್ಲಪ್ಪ ಕುದರಿ. ಅರ್ಜಿದಾರ ಬಸವರಾಜ ಮಲ್ಲಪ್ಪ. ಇಬ್ಬರೂ ಒಬ್ಬನೇ ಎಂಬುದಕ್ಕೆ ಪಾಸ್‌ಪೋರ್ಟಿನ ಹೊರತು ಬೇರೆ ಆಧಾರವೇನು? ಇಲ್ಲವಾದರೆ ರಕ್ತಪರೀಕ್ಷೆಗೆ ಒಪ್ಪಬಹುದು.

ಅವನು ಕಾಗದವನ್ನು ಕಿಟಕಿಯ ಕೆಳಗಿನಿಂದ ತಳ್ಳಿದ.

“ನನ್ನ ಹಡದಾಕಿ ಅಂತ ಅಕಿ ರಕ್ತ ಕೊಟ್ಟು ತೋರಸಬೇಕಂತ ರೀ. ಅವ್ವಗ ಇದನ್ನ ಯಾವ ಬಾಯಿಲೆ ಹೇಳಲಿ?” ಎಂದ. ಆಮೇಲೆ ಧ್ವನಿ ತಗ್ಗಿಸಿ, ತನ್ನ ಮುತ್ತ್ಯಾನ ಮುತ್ತ್ಯಾ, ಅಂದರೆ ಅಜ್ಜನ ಅಜ್ಜ, ದೇಸಾಯರ ಮನೆಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದನಂತೆ, ಅಲ್ಲಿಂದ ಈ ಹೆಸರು, ಇಡೀ ಓಣಿಗೆ ತಮ್ಮದು ಕುದರಿಯವರ ಮನೆ ಎಂದೇ ಗುರುತು ಎಂದು ವಿವರಿಸಿದ. ಒಂದು ಹೆಸರು ಎಲ್ಲಿಂದ ಬಂತು ಎಂದು ಅವನು ಹೇಳಲು, ನಾನು ಕೇಳಲು, ಮೂರು ವರ್ಷ ತಡವಾಗಿತ್ತು.

ಆ ಕಾಗದವನ್ನು ಹಿಡಿದು ಡಾರ್ಲೀನಳ ಕೋಣೆಗೆ ಹೋದೆ. ದಾರಿ ಎರಡು ಎಂದಳು. ತಪ್ಪು ನಮ್ಮ ಸಿಬ್ಬಂದಿಯದಾದರೆ ಬರೆದುಕೊಂಡವನು ಒಂದು ಪುಟದ ಫಾರ್ಮಿನಲ್ಲಿ ಒಪ್ಪಿಕೊಂಡು ಸಹಿ ಹಾಕಬೇಕು. ಮೊದಲ ದಿನದಿಂದಲೇ ಹೆಸರು ಸರಿಯಾಗಿತ್ತು ಎಂದು ತಿದ್ದುಪಡಿಯಾಗುತ್ತದೆ, ತಾಯಿಯ ಅರ್ಜಿ ಇದ್ದಲ್ಲೇ ಮುಂದುವರಿಯುತ್ತದೆ. ಅರ್ಜಿದಾರನೇ ಹಾಗೆ ಹೇಳಿದ್ದಾದರೆ ಅವನು ಹೊಸದಾಗಿ ಹೆಸರು ಬದಲಾವಣೆ ಮಾಡಿಸಿಕೊಳ್ಳಬೇಕು, ತಾಯಿಯ ಅರ್ಜಿ ವಾಪಸು ಬಂದು ಮೊದಲಿನಿಂದ ಶುರುವಾಗಬೇಕು. “ಯಾವುದು, ಶ್ರೀ? ಭಾಷೆ ಗೊತ್ತಿದ್ದವನು ನೀನೇ” ಎಂದು ಕನ್ನಡಕದ ಮೇಲಿಂದ ನೋಡಿದಳು.

ಅವಳು ಸಹಜವಾಗಿಯೇ ಕೇಳಿದ್ದಳು. ನನಗೆ ಚುಚ್ಚಿತು. ನಿಜ ಹೇಳುತ್ತೇನೆ, ಸಹನಾ, ಕೆಲಸ ಹೋಗುವ ಭಯವಿರಲಿಲ್ಲ. ಒಂದು ಎಚ್ಚರಿಕೆ ಕಾಗದ ಕೊಡುತ್ತಿದ್ದರೇನೋ, ಅಷ್ಟೇ. ಆದರೆ ಕನ್ನಡಕ್ಕೆಂದು ಕರೆಸಿಕೊಳ್ಳುತ್ತಿದ್ದವನು ಕನ್ನಡದಲ್ಲೇ ಎಡವಿದ ಎಂದು ನನ್ನ ಕೈಯಾರೆ ಬರೆದುಕೊಡುವುದಕ್ಕೆ ಮನಸ್ಸು ಬಗ್ಗಲಿಲ್ಲ. ವೆರಾ ತನ್ನ ಪೆದ್ದುತನವನ್ನು ಊಟದ ಕೋಣೆಯಲ್ಲಿ ಎಲ್ಲರೆದುರಿಗೆ ಹೇಳಿ ನಗಿಸಿದ್ದಳು. ನನಗೆ ಅಷ್ಟು ದೊಡ್ಡತನ ಇರಲಿಲ್ಲ.

ಅವನು ಬಾಯಿಬಿಟ್ಟು ಅಡ್ಡಹೆಸರು ಎಂದದ್ದು ಸುಳ್ಳೇ? ಸುಳ್ಳಲ್ಲ. ಆ ಎಳೆಯನ್ನು ಹಿಡಿದುಕೊಂಡೆ. “ಅರ್ಜಿದಾರರು ಮೌಖಿಕವಾಗಿ ತಿಳಿಸಿದಂತೆ ನಮೂದಿಸಲಾಗಿದೆ” ಎಂಬರ್ಥದ ಒಂದು ಸಾಲನ್ನು ಅವನ ಫೈಲಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಹೊರಗೆ ಬಂದು ಬಸವರಾಜನಿಗೆ, ರೂಲ್ಸು ಹೀಗಿದೆ, ಹೊಸದಾಗಿಯೇ ಮಾಡಿಸಬೇಕಂತೆ ಎಂದೆ. ಅಂತೆ ಎಂದೆ. ಆ ಅಂತೆಯನ್ನು ನಾನೇ ಮಾಡಿಬಂದಿದ್ದೆ.

ಅವನು ಹೊಸದಾಗಿ ಶುರುಮಾಡಿದ. ಫಾರ್ಮು ತುಂಬಲು ನಾನೇ ಸಹಾಯ ಮಾಡಿದೆ. ಅತಿ ಮುತುವರ್ಜಿಯಿಂದ, ಬಿಡುವಿನ ವೇಳೆಯಲ್ಲಿ ಕೂತು. ತಪ್ಪು ನನ್ನದು ಎಂದು ಒಂದು ಪುಟ ಬರೆದುಕೊಡುವುದನ್ನು ಬಿಟ್ಟು ಬೇರೆ ಎಲ್ಲವನ್ನೂ ಮಾಡಿದೆ. ಪತ್ರ ಹೋದವು, ಬಂದವು. ಊರಿನಿಂದ ಬರಬೇಕಾದ ದಾಖಲೆಯಲ್ಲಿ ಒಂದು ಕಡೆ ಕುದರಿ, ಇನ್ನೊಂದು ಕಡೆ ಕುದುರಿ ಎಂದಿತ್ತು, ಅದಕ್ಕೆ ಮತ್ತೆ ಆರು ತಿಂಗಳು.

ಎರಡನೆಯ ವರ್ಷ ಒಂದು ಬೆಳಿಗ್ಗೆ ಟೋಕನ್ ತೆಗೆದುಕೊಂಡು ನನ್ನ ಕಿಟಕಿಗೆ ಬಂದ. ಕೈಯಲ್ಲಿ ಕಾಗದವಿರಲಿಲ್ಲ.

“ಅವ್ವ ಹ್ವಾದ್ಲ ರೀ ಸರ. ಇನ್ನ ಆ ಅರ್ಜಿ ಬ್ಯಾಡ, ತಗದಬಿಡ್ರಿ.”

ಹೆಸರಿನ ಬದಲಾವಣೆಯಾದರೂ ಮುಂದುವರಿಸೋಣ ಎಂದೆ. ಬೇಡ ಎಂದು ತಲೆಯಾಡಿಸಿದ. ಮಗಳ ಕಾಗದಗಳಲ್ಲೂ ಮಲ್ಲಪ್ಪ ಎಂದೇ ಆಗಿದೆ, ಇರಲಿ ಎಂದ. ಕಿಟಕಿಯ ಅಂಚನ್ನು ಹಿಡಿದು ಸ್ವಲ್ಪ ಹೊತ್ತು ನಿಂತ. ನನ್ನ ಮುಖವನ್ನೇ ನೋಡುತ್ತಿದ್ದ. “ನೀವು ನಮ್ಮವರು ಅಂತ ನಿಮ್ಮ ಕಿಟಕಿಗೇ ಬರ್ತಿದ್ದೆ. ಭಾಳ ತ್ರಾಸ ತಗೊಂಡ್ರಿ” ಎಂದ. ಮತ್ತೂ ನಿಂತ. ನಾನು ಕಂಪ್ಯೂಟರಿನ ಕಡೆ ತಿರುಗಿ, ಮುಂದಿನ ನಂಬರು ಒತ್ತಿದೆ.

ನಂತರದ ವರ್ಷಗಳ ವಿಷಯ ಹೆಚ್ಚು ಹೇಳುವುದಿಲ್ಲ. ಡಾರ್ಲೀನ್ ನಿವೃತ್ತಳಾದಳು, ವೆರಾ ತೀರಿಕೊಂಡಳು. ಕೌಂಟರಿನಲ್ಲಿ ಕಂಪ್ಯೂಟರಿನ ಪರದೆ ಎರಡೂ ಕಡೆಗೆ ಕಾಣುವಂತಾಯಿತು, ಬಂದವರು ತಮ್ಮ ಹೆಸರನ್ನು ಓದಿ ಒಪ್ಪಿಗೆ ಒತ್ತಬೇಕು. ಒಳ್ಳೆಯ ಬದಲಾವಣೆ. ಆದರೂ ಜನ ಓದದೆ ಒತ್ತುತ್ತಾರೆ. ಎದುರಿಗಿರುವವನು ತಿಳಿದವನು ಎಂದುಕೊಂಡು.

ಹೋದ ವರ್ಷ ಬೇಸಿಗೆಯಲ್ಲಿ ಸ್ಟ್ರೀಟ್ಸ್‌ವಿಲ್ಲಿನ ಕ್ವೀನ್ ಸ್ಟ್ರೀಟಿನ ಒಂದು ಕಾಫಿ ಅಂಗಡಿಯ ಹೊರಗೆ ಬಸವರಾಜ ಸಿಕ್ಕ. ತಲೆ ಪೂರ್ತಿ ನರೆತಿತ್ತು. ಜೊತೆಯಲ್ಲಿ ಮಗಳು, ಹೆಸರು ಗಂಗಾ. ಅವನು ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇವರು ನನ್ನ ಹೆಸರು ಬರೆದವರು ಎಂದು ನನ್ನನ್ನು ಪರಿಚಯಿಸಿದ. ಅವಳು ನಗುತ್ತಾ, ಹಾಗಾದರೆ ನಿಮ್ಮನ್ನೇ ಕೇಳಬೇಕು, ಮಲ್ಲಪ್ಪ ಅಂದರೆ ಏನು, ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ ಎಂದಳು. ನಿಮ್ಮ ತಾತನ ಹೆಸರು ಎಂದೆ. ಅದು ಗೊತ್ತು, ಆದರೆ ಅದಕ್ಕೆ ಮೊದಲು ನಾವು ಏನಾಗಿದ್ದೆವು ಎಂದಳು. ಬಸವರಾಜ ನನ್ನ ಕಡೆ ನೋಡಿದ. ಕಿಟಕಿಯ ಅಂಚು ಹಿಡಿದು ನಿಂತಿದ್ದ ದಿನ ನೋಡಿದಂತೆಯೇ.

ಅವಳು ಕಾಫಿ ತರಲು ಒಳಗೆ ಹೋದಾಗ ನಾನು ಹೇಳಿದೆ. ಅಡ್ಡಹೆಸರು ಎಂಬ ಮಾತು, ಡಾರ್ಲೀನಳ ಕೋಣೆ, ಆ ಒಂದು ಸಾಲು, ಎಲ್ಲವನ್ನೂ. ಅವನು ಕೊನೆಯವರೆಗೂ ಕೇಳಿದ.

“ಗೊತ್ತೈತ್ರಿ. ಅವ್ವ ಹೋಗೂಕಿಂತ ಮೊದಲ ಫೈಲಿನ ಕಾಪಿ ತರಸಿದ್ದೆ. ನಿಮ್ಮ ಸಹಿ ನೋಡೇನಿ.”

“ಹಾಗಾದ್ರೆ ಆವತ್ತು ಬಂದಾಗ...”

“ಆವತ್ತೂ ಗೊತ್ತಿತ್ತು. ಬಾಯಿ ಬಿಡತೀರೇನೋ ಅಂತ ನಿಂತೆ. ನೀವು ನಂಬರ್ ಒತ್ತಿದ್ರಿ.”

ನಾನು ಈಗಲಾದರೂ ಬರೆದುಕೊಡುತ್ತೇನೆ, ಮಗಳ ಮಟ್ಟಿಗಾದರೂ ಸರಿಯಾಗುತ್ತದೆ, ನಿವೃತ್ತನಾದರೂ ಹೇಳಿಕೆ ಕೊಡಬಹುದು ಎಂದೆ. ಬ್ಯಾಡ್ರಿ ಎಂದ. ನಮ್ಮದು ಕುದರಿಯವರ ಮನೀ ಎಂದು ಹೇಳಿಕೊಳ್ಳಲು ಅವ್ವ ಒಬ್ಬಳಿದ್ದಳು, ಅವಳೇ ಇಲ್ಲ ಎಂದ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಗಂಗಾ ಮೂರು ಲೋಟ ಕಾಫಿ ತಂದಳು. ಕುಡಿದೆವು. ಹವೆಯ ಮಾತಾಡಿದೆವು.

ಸಹನಾ, ನಿನಗೆ ಹೇಳಲು ಮರೆತದ್ದು ಇದು. ಚೌಕ ತುಂಬುವ ಮೊದಲು, ಊರಿನಲ್ಲಿ ನಿಮ್ಮ ಮನೆಯನ್ನು ಏನೆಂದು ಕರೆಯುತ್ತಾರೆ ಎಂದು ಒಂದು ಮಾತು ಕೇಳು. ನಿನಗೆ ಚೆನ್ನಾಗಿ ಗೊತ್ತಿರುವ ಭಾಷೆಯವರು ಬಂದಾಗ ಎರಡು ಸಲ ಕೇಳು. ಅಷ್ಟಾದರೂ ತಪ್ಪು ಆಗುತ್ತದೆ. ಆದ ದಿನ, ತಪ್ಪು ಒಪ್ಪಿಕೊಳ್ಳುವ ಆ ಫಾರ್ಮು ಒಂದೇ ಪುಟದ್ದು, ತುಂಬಲು ಐದು ನಿಮಿಷ ಸಾಕು.

ಬಸವರಾಜನ ಹತ್ತಿರ ಆ ಫೈಲಿನ ನಕಲು ಈಗಲೂ ಇದೆಯಂತೆ. ಇಪ್ಪತ್ತೆಂಟು ವರ್ಷದಲ್ಲಿ ಆ ಕಚೇರಿಯಲ್ಲಿ ನನ್ನ ಹೆಸರನ್ನು ಯಾರೂ ಸರಿಯಾಗಿ ಹೇಳಲಿಲ್ಲ, ಬರೆಯಲಿಲ್ಲ ಎಂದು ಮೇಲೆ ದೂರಿದೆನಲ್ಲ, ಅದು ಪೂರ್ತಿ ನಿಜವಲ್ಲ. ಅವನ ಮನೆಯಲ್ಲಿರುವ ಆ ಹಾಳೆಯ ಕೆಳಗೆ, ನನ್ನದೇ ಕೈಬರಹದಲ್ಲಿ, ಶ್ರೀಕಂಠಯ್ಯ ಎಂದು ಪೂರ್ತಿಯಾಗಿದೆ. ಒಂದಕ್ಷರವೂ ತಪ್ಪಿಲ್ಲ.